ಅರ್ಧ ಟಿಕೇಟಿನ ಊಟ

(ಸಂಘದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಹೋಟೆಲು ಕೆಲಸಗಾರರು ಮಾತಾಡಲು ನಿಂತರೆ ಪಗಾರ, ರಜೆ, ಬೋನಸ್ಸು ಇವುಗಳ ಮಾತೇ ಬರುತ್ತದೆಂದು ತಾವು ಕಾದಿರುತ್ತೀರಿ. ಇಂದು ನಾವು ಆರಿಸಿಕೊಂಡದ್ದು ಬೇರೆ ವಿಷಯ. ಕುಟುಂಬಸಮೇತ ಬರುವ ಗಿರಾಕಿಗಳಿಗೆ ಹೋಟೆಲುಗಳಲ್ಲಿ ಮಕ್ಕಳ ಊಟಕ್ಕೆ ಹಾಕುವ ದರ ನ್ಯಾಯವೋ ಅನ್ಯಾಯವೋ ಎಂಬುದು. ಇಷ್ಟೇ ಏನು ಎಂದು ನಗಬೇಡಿ. ಅಹಮದಾಬಾದು, ಬಡೋದೆ, ಸೂರತ್ತು ಈ ಮೂರು ಊರುಗಳಲ್ಲಿ ಬಡಿಸಿ ಬದುಕಿದ ನಮಗೆ ಮೇಜಿನ ಮುಂದೆ ಜಗಳ ತಂದುಕೊಟ್ಟದ್ದು ಸಾಂಬಾರಿನ ಉಪ್ಪಿಗಿಂತ ಮಗುವಿನ ವಯಸ್ಸೇ ಹೆಚ್ಚು.

ಗುಜರಾತಿನ ಥಾಳಿ ಮನೆಗಳ ಪದ್ಧತಿ ನಿಮಗೆಲ್ಲ ಗೊತ್ತು. ಒಂದು ದರ ಕೊಟ್ಟು ಕುಳಿತರೆ ಫುಲ್ಕ, ದಾಳಿ, ಕಢಿ, ಶಾಕ, ಫರಸಾಣ, ಖಿಚಡಿ ಎಷ್ಟು ಬೇಕಾದರೂ ಬಡಿಸುತ್ತಾರೆ. ಇಂಥ ಮನೆಗಳ ಗೋಡೆಯ ಮೇಲೆ ಸಾಮಾನ್ಯವಾಗಿ ಒಂದು ಹಲಗೆ ಇರುತ್ತದೆ. ಇಷ್ಟು ವರ್ಷದೊಳಗಿನ ಮಗುವಿಗೆ ಪುಕ್ಕಟೆ, ಇಷ್ಟರಿಂದ ಇಷ್ಟರವರೆಗೆ ಅರ್ಧ, ಅದರ ಮೇಲೆ ಪೂರ್ತಿ. ಕೆಲವೆಡೆ ವಯಸ್ಸಿನ ತಕರಾರೇ ಬೇಡವೆಂದು ಗೋಡೆಗೆ ಗೆರೆ ಎಳೆದು ಎತ್ತರ ನೋಡುವವರೂ ಉಂಟು. ಹಲಗೆಯ ಕೊನೆಯ ಸಾಲು ಮಾತ್ರ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಒಂದು ಥಾಳಿಯನ್ನು ಇಬ್ಬರು ಹಂಚಿಕೊಳ್ಳಕೂಡದು.

ಈ ಅರ್ಧದ ಲೆಕ್ಕ ರೈಲಿನ ಅರ್ಧ ಟಿಕೇಟನ್ನು ನೆನಪಿಸುತ್ತದೆ. ಗುಜರಾತ್ ಮೇಲಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಬಂದ ನಮ್ಮ ಹಿರಿಯರಿಗೆ ಆ ಟಿಕೇಟಿನ ಪರಿಚಯ ಚೆನ್ನಾಗಿತ್ತು. ಐದರೊಳಗೆ ಪುಕ್ಕಟೆ, ಐದರಿಂದ ಹನ್ನೆರಡರೊಳಗೆ ಅರ್ಧ. ಆದರೆ ರೈಲಿನವರೂ 2016ರ ಏಪ್ರಿಲ್ 21ರಿಂದ ರಿಸರ್ವೇಶನ್ ಡಬ್ಬಿಗಳಲ್ಲಿ ಲೆಕ್ಕ ಬದಲಿಸಿದರು. ಮಗುವಿಗೆ ಪ್ರತ್ಯೇಕ ಬರ್ತು ಬೇಕಾದರೆ ಪೂರ್ತಿ ಹಣ, ತಾಯಿತಂದೆಯರ ಜಾಗದಲ್ಲೇ ಕುಳ್ಳಿರಿಸಿಕೊಂಡರೆ ಅರ್ಧ. ಮಗುವಿನ ಮೈ ಸಣ್ಣದಾದರೂ ಅದು ಹಿಡಿಯುವ ಜಾಗ ಸಣ್ಣದಲ್ಲ ಎಂಬುದು ಅವರ ವಾದ. ಹೋಟೆಲು ಧನಿಗಳ ವಾದವೂ ಇದೇ.

ಧನಿಗಳ ಮಾತನ್ನು ಕೇಳದೆ ತೀರ್ಪು ಕೊಡುವುದು ಸರಿಯಲ್ಲ. ಲೆಕ್ಕಕ್ಕೆಂದು ಒಂದು ಥಾಳಿಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. ಅದರಲ್ಲಿ ದಿನಸಿ, ತರಕಾರಿ, ತುಪ್ಪ, ಮಜ್ಜಿಗೆಗೆ 100 ರೂಪಾಯಿ. ಮಿಕ್ಕ 200 ರೂಪಾಯಿ ಬಾಡಿಗೆ, ಗ್ಯಾಸು, ದೀಪ, ನಮ್ಮ ಪಗಾರ ಮತ್ತು ಅವರ ಲಾಭ ಎನ್ನಿ. ಮಗು ಅರ್ಧವನ್ನೇ ತಿಂದರೆ ಧನಿಗೆ ಉಳಿಯುವುದು 50 ರೂಪಾಯಿಯ ಪದಾರ್ಥ, ಬಿಟ್ಟುಕೊಡುವುದು 150. ಕುರ್ಚಿ ಒಂದು ಹೋಯಿತು, ಬಡಿಸುವವನ ಓಡಾಟ ಒಂದಕ್ಕೆ ಎರಡಾಯಿತು. ಹೀಗೆ ನೋಡಿದರೆ ಅರ್ಧ ದರ ಧನಿಗೆ ನಷ್ಟವೇ.

ಆದರೆ ಯಾವ ದಿನದ ಮಾತು ಇದು? ಭಾನುವಾರ ರಾತ್ರಿ ಹೊರಗೆ ಜನ ಹೆಸರು ಬರೆಸಿ ನಿಂತಿರುವಾಗ ನಿಜ. ಮಗು ಕುಳಿತ ಕುರ್ಚಿಯಲ್ಲಿ ಪೂರ್ತಿ ಹಣ ಕೊಡುವವನು ಕುಳಿತಿರಬಹುದಿತ್ತು. ಬುಧವಾರ ಮಧ್ಯಾಹ್ನ ಅರ್ಧ ಮೇಜುಗಳು ಖಾಲಿ ಬಿದ್ದಿರುವಾಗ ಅದೇ ಮಗುವಿನ 150ರಲ್ಲಿ ಪದಾರ್ಥದ 50 ಕಳೆದು 100 ರೂಪಾಯಿ ಧನಿಗೆ ಬಂದ ಲಾಭ. ಇನ್ನೊಂದು ಮಾತು. ಮಕ್ಕಳನ್ನು ಮನೆಯಲ್ಲಿ ಬಿಟ್ಟು ದಂಪತಿಗಳು ಊಟಕ್ಕೆ ಬರುವುದು ನಮ್ಮ ಜನರಲ್ಲಿ ಎಷ್ಟು? ಮಕ್ಕಳಿಗೆ ಅನುಕೂಲವಿಲ್ಲದ ಕಡೆಗೆ ದೊಡ್ಡವರ 600 ರೂಪಾಯಿಯೂ ಬರುವುದಿಲ್ಲ. ಅರ್ಧ ದರವನ್ನು ಧರ್ಮವೆಂದು ಹೇಳಿಕೊಳ್ಳುವ ಧನಿಗಳು ಈ ಲೆಕ್ಕವನ್ನೂ ಒಮ್ಮೆ ಮಾಡಿ ನೋಡಲಿ.

ನಮ್ಮ ದೂರು ಅರ್ಧದ ಮೇಲಲ್ಲ, ವಯಸ್ಸಿನ ಮೇಲೆ. ಹನ್ನೊಂದು ವರ್ಷದ ಹುಡುಗಿ ಎರಡು ಫುಲ್ಕ ಮುಗಿಸಿ ಪೂರ್ತಿ ಹಣ ಕೊಡಬೇಕು. ಅವಳ ತಮ್ಮ, ಎಂಟರ ಪೋರ, ಬಾಸುಂದಿಯ ಬಟ್ಟಲನ್ನು ಐದು ಸಲ ತುಂಬಿಸಿಕೊಂಡು ಅರ್ಧಕ್ಕೆ ಎದ್ದು ಹೋಗುತ್ತಾನೆ. ಹಲ್ಲಿಲ್ಲದ ಅಜ್ಜಿ ಎರಡು ಚಮಚ ಖಿಚಡಿ ಉಂಡು ಪೂರ್ತಿ ಥಾಳಿಯ ಹಣ ತೆರುತ್ತಾಳೆ. ಅಜ್ಜಿಗೆ ಅರ್ಧ ಟಿಕೇಟು ಬರೆದ ಹಲಗೆಯನ್ನು ನಾವು ಕಂಡಿಲ್ಲ. ಮತ್ತು ಆ ಹಲಗೆ ಮರ್ಯಾದಸ್ಥ ತಂದೆತಾಯಿಗಳಿಗೆ ಸುಳ್ಳು ಹೇಳಲು ಕಲಿಸುತ್ತದೆ. ಬಾಗಿಲಲ್ಲೇ ಮಗುವಿಗೆ ಪಾಠವಾಗಿರುತ್ತದೆ. ನಾವು ನೀರಿನ ಲೋಟ ಇಡುವಾಗ ತಂದೆ "ಇವನಿಗೆ ನಾಲ್ಕು" ಎನ್ನುತ್ತಾನೆ. ಮಗು ಎದ್ದು ನಿಂತು, "ಅಲ್ಲ, ನಾನು ಎರಡನೇ ಕ್ಲಾಸು" ಎನ್ನುತ್ತದೆ. ತಂದೆ ನಮ್ಮ ಮುಖ ನೋಡುತ್ತಾನೆ. ನಾವು ಗಲ್ಲೆಯಲ್ಲಿ ಕೂತ ಧನಿಯ ಮುಖ ನೋಡುತ್ತೇವೆ.

ಇಲ್ಲಿ ನಮ್ಮ ತಪ್ಪೊಂದನ್ನು ಸಭೆಯ ಮುಂದೆ ಒಪ್ಪಿಕೊಳ್ಳಬೇಕು. ಸೂರತ್ತಿನ ಒಂದು ಥಾಳಿ ಮನೆಯಲ್ಲಿ ನಾವಿದ್ದ ಕಾಲ. ಹೆಸರು ಬೇಡ. ಸೂರತ್ತಿನವರು ಊಟದ ಅಭಿಮಾನಿಗಳೆಂದು ಎಲ್ಲರೂ ಬಲ್ಲರು. "ಸೂರತನುಂ ಜಮಣ, ಕಾಶೀನುಂ ಮರಣ" ಎಂದು ಅವರ ಗಾದೆಯೇ ಇದೆ. ಆದರೆ ಆ ಊರಿನ ಮಗ್ಗದ ಕೆಲಸಗಾರನಿಗೆ ಆ ಜಮಣ ಸುಲಭವಾಗಿ ಸಿಕ್ಕುವುದಿಲ್ಲ. ವೇದ್ ರಸ್ತೆಯ ಮೆಸ್ಸುಗಳನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಹನ್ನೆರಡು ತಾಸಿನ ಪಾಳಿ, ಒಂದೇ ಹಾಸಿಗೆಗೆ ಪಾಳಿಯ ಮೇಲೆ ಇಬ್ಬರು, ತಿಂಗಳ ಲೆಕ್ಕದ ಎರಡು ಹೊತ್ತಿನ ಊಟ. ಹೆಂಡತಿ ಮಕ್ಕಳು ಊರಲ್ಲಿ. ಅವರು ಬಂದರೆ ಅದೇ ಹಬ್ಬ.

ಅಂಥ ಒಬ್ಬರು ಉಧನಾ ಕಡೆಯಿಂದ ಒಂದು ಭಾನುವಾರ ಕುಟುಂಬ ಕರೆದುಕೊಂಡು ಬಂದರು. ಮುದುಕಿ ತಾಯಿ, ಹೆಂಡತಿ, ಆರು ವರ್ಷದ ಮಗಳು, ಕಂಕುಳ ಕೂಸು. ಹಲಗೆಯನ್ನು ನೋಡಿ ನಿಂತರು, ಬೆರಳು ಮಡಚಿ ಎಣಿಸಿದರು. ಎರಡು ಪೂರ್ತಿ, ಒಂದು ಅರ್ಧ ಎಂದರು. ಹೆಂಡತಿಗೆ ಇಂದು ಉಪವಾಸ ಎಂದರು. ಉಪವಾಸದ ಹೆಂಗಸು ಥಾಳಿ ಮನೆಗೆ ಬರುವುದುಂಟೇ ಎಂದು ನಾವು ಕೇಳಲಿಲ್ಲ. ಆದರೆ ನಮಗೆ ಅಪ್ಪಣೆಯಾಗಿತ್ತು: ತಾಯಂದಿರ ಕೈ ಮೇಲೆ ಕಣ್ಣಿರಲಿ.

ಅರ್ಧ ಊಟವಾಗುವ ಹೊತ್ತಿಗೆ ಮಗಳು ಪೂರಿಯ ಚೂರನ್ನು ಶ್ರೀಖಂಡದಲ್ಲಿ ಅದ್ದಿ ತಾಯಿಯ ಬಾಯಿಗಿಟ್ಟಳು. ತಾಯಿ ಬೇಡವೆಂದಳು, ಮಗು ಬಿಡಲಿಲ್ಲ. ಎರಡನೆಯದು, ಮೂರನೆಯದು. ಗಲ್ಲೆಯಿಂದ ಕೂಗು ಬಂತು, ಆ ಬಾಯಿಗೂ ಬಿಲ್ಲು ಹಾಕು ಎಂದು. ಗುಜರಾತಿಯಲ್ಲಿ ಬಂದ ಕೂಗು ಆಕೆಗೆ ತಿಳಿದಿರಲಾರದು. ನಾವು ಬಿಲ್ಲು ತಂದಿಟ್ಟಾಗ ತಿಳಿಯಿತು. ಆಗ ಆಕೆ ನಮ್ಮ ಕಡೆ ತಿರುಗಿ ಕನ್ನಡದಲ್ಲಿ, "ಅಣ್ಣಾರ, ಕೂಸು ಬಾಯಾಗ ಇಟ್ಟದ್ದಕ್ಕೂ ರೊಕ್ಕ ಆಗ್ತದೇನ್ರೀ?" ಎಂದು ಕೇಳಿದಳು. ನಾವು ಒಳಗೊಳಗೆ ಆಡಿಕೊಂಡ ಕುಂದಾಪುರದ ಮಾತು ಆಕೆಯ ಕಿವಿಗೆ ಬಿದ್ದು, ಇವರು ನಮ್ಮವರೇ ಎಂದು ತಿಳಿದುಕೊಂಡಿದ್ದಳು. ಉತ್ತರ ನಮ್ಮಲ್ಲಿರಲಿಲ್ಲ. ಅವರು ಹಣ ಎಣಿಸಿಟ್ಟು ಹೋದರು. ನಮ್ಮ ಕಿಸೆಯಿಂದ ಕೊಡಬಹುದಿತ್ತಲ್ಲವೇ ಎಂದು ಆಮೇಲೆ ಅನ್ನಿಸಿತು, ಆಗ ಅನ್ನಿಸಲಿಲ್ಲ.

ಹಂಚಿಕೊಂಡು ತಿನ್ನುವುದು ನಮ್ಮ ನಾಡಿನ ಹೋಟೆಲುಗಳಲ್ಲಿ ಎಂದೂ ಅಪರಾಧವಾಗಿರಲಿಲ್ಲ. ಬೆಂಗಳೂರು ಮೈಸೂರುಗಳಲ್ಲಿ ಬೈ ಟೂ ಕಾಫಿ ಎಂದರೆ ಎರಡು ಲೋಟ ತಂದಿಡುತ್ತಾರೆ, ಯಾರ ವಯಸ್ಸನ್ನೂ ಕೇಳುವುದಿಲ್ಲ. ಅಹಮದಾಬಾದಿನ ಚಹದ ಲಾರಿಯ ಮುಂದೆ "ಅಡಧೀ" ಎಂದರೆ ಅರ್ಧ ಚಹ ಸಿಕ್ಕುತ್ತದೆ. ಗಿರಣಿ ನಡೆಯುತ್ತಿದ್ದ ಕಾಲದಲ್ಲಿ ಪಾಳಿ ಬಿಟ್ಟು ಬರುತ್ತಿದ್ದವರು ಅದರ ಬೆಲೆ ಬಲ್ಲರು. ಇವೆರಡೂ ಪಾತ್ರೆಯನ್ನು ಅಳೆಯುತ್ತವೆ, ಮನುಷ್ಯನನ್ನು ಅಳೆಯುವುದಿಲ್ಲ. ಎಷ್ಟು ಬೇಕಾದರೂ ಬಡಿಸುವ ಥಾಳಿಗೆ ಇದು ಕಷ್ಟವೆಂದು ಒಪ್ಪುತ್ತೇವೆ. ಒಂದು ಥಾಳಿಗೆ ನಾಲ್ಕು ಜನ ಕುಳಿತರೆ ಯಾವ ಧನಿಯೂ ಉಳಿಯಲಾರ. ಆದುದರಿಂದಲೇ ಅಳತೆಯ ಸಣ್ಣ ತಾಟೊಂದು ಬೇಕೆನ್ನುತ್ತೇವೆ: ಇಂತಿಷ್ಟು ಫುಲ್ಕ, ಒಂದು ಶಾಕ, ದಾಳಿ, ಅನ್ನ, ಒಂದು ಸಿಹಿ. ದೊಡ್ಡವರ ಅಡಿಗೆಯೇ, ಖಾರ ಮಾತ್ರ ಕಡಿಮೆ. ಮಗು ಕೇಳಲಿ, ಅಜ್ಜಿ ಕೇಳಲಿ, ಹೊಟ್ಟೆ ಸರಿಯಿಲ್ಲದ ಗುಮಾಸ್ತ ಕೇಳಲಿ, ದರ ಒಂದೇ.

ಮಕ್ಕಳ ಊಟವನ್ನು ಅಳೆಯಬಹುದೇ ಎನ್ನುವವರು ಶಾಲೆಗಳನ್ನು ನೋಡಲಿ. ಗುಜರಾತಿನಲ್ಲಿ ಶಾಲೆಯ ಮಧ್ಯಾಹ್ನದೂಟ 1984ರಲ್ಲೇ ಆರಂಭವಾಯಿತು. ಈಗ ದೇಶಕ್ಕೆಲ್ಲ ಇರುವ ಯೋಜನೆಯಲ್ಲಿ ಕಿರಿಯ ಪ್ರಾಥಮಿಕದ ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಹಿರಿಯ ಪ್ರಾಥಮಿಕದ ಮಗುವಿಗೆ 150, 30 ಮತ್ತು 75. ಸರಕಾರ ಮಗುವನ್ನು ಅರ್ಧ ಮನುಷ್ಯನೆಂದು ಬರೆಯಲಿಲ್ಲ, ಗ್ರಾಮಿನಲ್ಲಿ ಬರೆಯಿತು. ಅಲ್ಲಿಯೂ ಲೋಪಗಳಿರಬಹುದು, ಆ ಮಾತು ಬೇರೆ.

ಅಮೆರಿಕದ ಬರ್ಗರಿನ ಅಂಗಡಿಗಳ ರೀತಿ ಮತ್ತೊಂದು. ಮೆಕ್‌ಡೊನಾಲ್ಡ್ಸ್‌ನವರು 1979ರಲ್ಲಿ ಅಲ್ಲಿ ಊಟದ ಡಬ್ಬಿಯೊಳಗೆ ಆಟಿಕೆ ಇಟ್ಟು ಮಾರುವುದನ್ನು ದೇಶಾದ್ಯಂತ ತಂದರು. 1996ರಲ್ಲಿ ನಮ್ಮ ದೇಶಕ್ಕೂ ಬಂದರು. ಮಗು ಆಟಿಕೆಗೆ ಅಳುತ್ತದೆ, ತಂದೆ ಊಟ ಕೊಳ್ಳುತ್ತಾನೆ. ಸಾನ್ ಫ್ರಾನ್ಸಿಸ್ಕೋ ನಗರಸಭೆ 2010ರಲ್ಲಿ, ಪೌಷ್ಟಿಕತೆಯ ಅಳತೆಗೆ ಬಾರದ ಊಟದೊಡನೆ ಪುಕ್ಕಟೆ ಆಟಿಕೆ ಕೊಡಬಾರದೆಂದು ಕಟ್ಟಳೆ ಮಾಡಿತು. ಅಂಗಡಿಯವರು ಆಟಿಕೆಗೆ ಹತ್ತು ಸೆಂಟು ಬೆಲೆ ಕಟ್ಟಿ ಕಟ್ಟಳೆಯಿಂದ ನುಣುಚಿಕೊಂಡರು. ಚಿಲಿ ದೇಶ 2016ರಲ್ಲಿ ಇನ್ನೂ ಬಿಗಿಯಾದ ಕಾನೂನು ತಂದಿತು. ನಮ್ಮ ಥಾಳಿ ಮನೆಯವರು ಎಷ್ಟೇ ಲೆಕ್ಕಿಗರಾಗಲಿ, ಮಗುವಿಗೆ ಅನ್ನವನ್ನೇ ಬಡಿಸುತ್ತಾರೆ. ಆ ಮಟ್ಟಿಗೆ ಅವರು ಮೇಲು.

ಮಕ್ಕಳ ಮೇಜಿನ ಕೆಲಸದ ಬಗೆಗೂ ಒಂದು ಮಾತು. ನೀರು ಚೆಲ್ಲುತ್ತದೆ, ಬಟ್ಟಲು ಉರುಳುತ್ತದೆ, ದಾಳಿ ಖಾರವೆಂದು ಹಿಂದಕ್ಕೆ ಹೋಗುತ್ತದೆ. ಬಿಲ್ಲು ಸಣ್ಣದಾದರೆ ಟಿಪ್ಪೂ ಸಣ್ಣದು. ಬಿಲ್ಲಿನಲ್ಲಿ ತಾನಾಗಿ ಸರ್ವಿಸ್ ಚಾರ್ಜ್ ಸೇರಿಸಬಾರದೆಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು. ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಗಿರಾಕಿಗೆ ಅದು ನ್ಯಾಯ. ಆದರೆ ಮಗುವಿಗೆ ಕೊಟ್ಟ ರಿಯಾಯಿತಿ ಬಡಿಸುವವನ ಕಿಸೆಯಿಂದ ಹೋಗಬಾರದು, ಧನಿಯ ಲೆಕ್ಕದಿಂದ ಹೋಗಬೇಕು. ರಿಯಾಯಿತಿ ಕೊಟ್ಟ ಹೆಸರು ಅವರಿಗೆ ತಾನೇ?

ಮಕ್ಕಳ ಊಟ ಎನ್ನುವಾಗ ನಮ್ಮ ಹಿರಿಯರ ಕಣ್ಣ ಮುಂದೆ ಬರುವ ಮಗು ಬೇರೆ. ಅದು ಕುರ್ಚಿಯಲ್ಲಿ ಕುಳಿತದ್ದಲ್ಲ. ಬಕೆಟು ಹಿಡಿದು ಮೇಜು ಒರೆಸುತ್ತಿದ್ದ ಮಾಣಿ. ಉಡುಪಿ, ಕುಂದಾಪುರ, ಕಾರ್ಕಳಗಳಿಂದ ಹತ್ತು ಹನ್ನೆರಡರ ವಯಸ್ಸಿಗೆ ಬಂದು, ಎಲ್ಲರ ಊಟವಾದ ಮೇಲೆ ತಳದ ಸಾರಿನಲ್ಲಿ ಅನ್ನ ಕಲಸಿಕೊಂಡವನು. ಸಯಾಜಿರಾವ್ ಮಹಾರಾಜರು 1906ರಲ್ಲೇ ಬಡೋದೆ ಸಂಸ್ಥಾನಕ್ಕೆಲ್ಲ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದ್ದರು. ಅದೇ ಊರಿನ ಹೋಟೆಲುಗಳ ಹಿತ್ತಿಲಲ್ಲಿ ಎಷ್ಟೋ ದಶಕಗಳ ತರುವಾಯವೂ ಹುಡುಗರು ಕಪ್ಪುಬಸಿ ತೊಳೆಯುತ್ತಿದ್ದರು. ಬಾಲಕಾರ್ಮಿಕರ ಕಾಯಿದೆ 1986ರಲ್ಲಿ ಬಂದಾಗಲೂ ಹೋಟೆಲು ಅದರ ನಿಷೇಧದ ಪಟ್ಟಿಯಲ್ಲಿರಲಿಲ್ಲ. ಸೇರಿದ್ದು 2006ರ ಅಕ್ಟೋಬರ್ 10ರಿಂದ. 2016ರಲ್ಲಿ ಹದಿನಾಲ್ಕರ ಕೆಳಗಿನವರನ್ನು ಎಲ್ಲ ಕೆಲಸಗಳಿಂದಲೂ ಬಿಡಿಸಿದರು, ಮನೆಯವರ ಸ್ವಂತ ಕಸುಬಿಗೆ ಸಡಿಲು ಬಿಟ್ಟರು. ಆ ಮಾಣಿಯ ವಯಸ್ಸನ್ನು ಯಾವ ಧನಿಯೂ ಗೋಡೆಯ ಗೆರೆಗೆ ನಿಲ್ಲಿಸಿ ನೋಡಿದ್ದಿಲ್ಲ. ಊಟಕ್ಕೆ ಕುಳಿತ ಮಗುವನ್ನು ಮಾತ್ರ ನಿಲ್ಲಿಸಿ ನೋಡುತ್ತಾರೆ.

ಧನಿಗಳ ಮೇಲೆ ಹಗೆ ಕಟ್ಟಿಕೊಳ್ಳಿರೆಂದು ಈ ಮಾತಲ್ಲ. ಅವರಲ್ಲಿ ಅನೇಕರು ಆ ಮಾಣಿಗಳೇ. ಅಹಮದಾಬಾದಿನ ಗಿರಣಿಯವರು 1918ರಲ್ಲಿ ನೂರಕ್ಕೆ ಮೂವತ್ತೈದು ಕೇಳಿ ಮುಷ್ಕರ ಹೂಡಿದಾಗ ಕೊನೆಗೆ ಪಂಚಾಯಿತಿಗೆ ಒಪ್ಪಿ, ಆನಂದಶಂಕರ ಧ್ರುವರ ತೀರ್ಪಿನಿಂದ ಅಷ್ಟನ್ನೂ ಪಡೆದರು. ಎರಡು ವರ್ಷ ಬಿಟ್ಟು ಮಜೂರ್ ಮಹಾಜನ ಹುಟ್ಟಿತು. ಈ ಊರಿನಲ್ಲಿ ಧನಿಯೂ ಕೆಲಸಗಾರನೂ ಎದುರೆದುರು ಕುಳಿತು ಲೆಕ್ಕ ಬಿಚ್ಚುವುದು ಹೊಸತಲ್ಲ. ಸಣ್ಣ ತಾಟಿಗೆ ಎಷ್ಟು ದರ, ಭಾನುವಾರ ರಾತ್ರಿ ಅದು ಬೇಕೇ ಬೇಡವೇ, ಎಷ್ಟು ಫುಲ್ಕ, ಇದನ್ನೆಲ್ಲ ಕುಳಿತು ನಿಶ್ಚಯಿಸಬಹುದು. ತಾಯಿಯ ಕೈ ಕಾಯುವ ಕೆಲಸವೊಂದನ್ನು ಮಾತ್ರ ನಮಗೆ ಹೇಳಬೇಡಿ. ಅದಕ್ಕೆ ಪಗಾರ ತೆಗೆದುಕೊಳ್ಳಲು ನಾವು ಇನ್ನು ಒಪ್ಪುವುದಿಲ್ಲ.

ಹೋಟೆಲು ನಡೆಸುವ ನಮ್ಮವರು ಕೆಲವರು ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರ ಉತ್ತರ ಕೇಳೋಣ.