ಹತ್ತನೆಯ ತರಗತಿಯ ಮುಂದೆ ಯಾವ ಕಾಲೇಜು?

(ಮಿಲ್ಲು ಕೆಲಸಗಾರರು ಮತ್ತು ಪೇಟೆಯ ಸಣ್ಣ ವರ್ತಕರು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾನು ಕೂಲಿಯ ಮಾತನ್ನಾಗಲಿ ತೆರಿಗೆಯ ಮಾತನ್ನಾಗಲಿ ಆಡಲು ನಿಂತಿಲ್ಲ. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದಿದೆ. ಪಾಸಾದ ಮಕ್ಕಳ ಮನೆಯಲ್ಲಿ ಪೇಡೆ ಹಂಚಿದ್ದು ಒಂದು ದಿನ, ಮರುದಿನದಿಂದಲೇ ಚಿಂತೆ. ಮಗುವನ್ನು ಎಲ್ಲಿಗೆ ಸೇರಿಸಬೇಕು? ಈ ವಾರದಲ್ಲಿ ನಿಮ್ಮಲ್ಲಿ ಹತ್ತಾರು ಜನ ನನ್ನನ್ನು ಕೇಳಿದ್ದೀರಿ. ಒಬ್ಬೊಬ್ಬರಿಗೆ ಹೇಳುವುದಕ್ಕಿಂತ ಎಲ್ಲರೆದುರಿಗೆ ಹೇಳಿಬಿಡೋಣವೆಂದು ಬಂದಿದ್ದೇನೆ.

ಮೊದಲು ನನ್ನ ಸಂಗತಿ ಹೇಳಿಬಿಡುತ್ತೇನೆ, ಏಕೆಂದರೆ ಬುದ್ಧಿ ಹೇಳುವವನ ಅಳತೆ ಕೇಳುವವರಿಗೆ ತಿಳಿದಿರಬೇಕು. ನಾನು ಪಾಸು ಮಾಡಿದ್ದು ಹತ್ತನೆಯ ತರಗತಿ ಮಾತ್ರ. ನಮ್ಮ ತಂದೆ ಹತ್ತಿ ಮಿಲ್ಲಿನಲ್ಲಿ ಬೇಲು ಹೊರುತ್ತಿದ್ದರು. ನನಗೆ ಒಳ್ಳೆಯ ಅಂಕಗಳೇ ಬಂದಿದ್ದವು. ನೆಂಟರಿಷ್ಟರು "ಜಾಣ ಹುಡುಗ, ಸರ್ಕಾರಿ ಕಾಲೇಜಿಗೆ ಹಾಕಬೇಡ" ಎಂದರು. ತಂದೆ ಸಾಲ ಮಾಡಿ, ಎತ್ತರದ ಗೇಟಿದ್ದ ಒಂದು ಖಾಸಗಿ ಕಾಲೇಜಿಗೆ ವಿಜ್ಞಾನಕ್ಕೆ ಸೇರಿಸಿದರು. ಮೊದಲನೆಯ ವರ್ಷ ಹೇಗೋ ದಾಟಿತು. ಎರಡನೆಯ ವರ್ಷ ಮಿಲ್ಲು ಮೂರು ತಿಂಗಳು ನಿಂತಿತು, ಕಂತು ಕಟ್ಟಲಾಗಲಿಲ್ಲ. ಪರೀಕ್ಷೆಯ ಪ್ರವೇಶಪತ್ರ ಕೊಡಲಿಲ್ಲ. ನಾನು ಓದು ಬಿಟ್ಟೆ. ಸಾಲ ಮಾತ್ರ ಬಿಡಲಿಲ್ಲ. ಅದನ್ನು ನಾನು ಸಣ್ಣ ಶಾಲೆಯೊಂದರಲ್ಲಿ ಮೇಷ್ಟರಾಗಿ ಐದು ವರ್ಷ ತೀರಿಸಿದೆ. ಸರ್ಕಾರಿ ಕಾಲೇಜು ನಮ್ಮ ಮನೆಯಿಂದ ಎರಡು ಬೀದಿಯಾಚೆ ಇತ್ತು. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗಾಯಿತು. ಅದರ ಬಾಗಿಲು ಸಹ ನಾವು ತಟ್ಟಿ ನೋಡಿರಲಿಲ್ಲ.

ಹಾಗೆಂದು ಸರ್ಕಾರಿ ಕಾಲೇಜೆಲ್ಲ ಚಿನ್ನ, ಖಾಸಗಿಯೆಲ್ಲ ಕಬ್ಬಿಣ ಎಂದು ನಾನು ಹೇಳಿದರೆ ನೀವು ನಂಬಬೇಡಿ. ನಾನು ಹೇಳುವುದಿಷ್ಟೆ: ಬಟ್ಟೆ ಕೊಳ್ಳುವಾಗ ಎಳೆ ಎಳೆ ಹಿಡಿದು ನೋಡುವವರು ನಾವು. ಮಗುವಿನ ಎರಡು ವರ್ಷವನ್ನು ಫಲಕ ನೋಡಿ ಕೊಂಡುಕೊಳ್ಳಬಾರದು.

ಮೊದಲನೆಯ ವಿಚಾರ, ವಿಷಯಗಳ ಆಯ್ಕೆ. ಪಿಯುಸಿಯಲ್ಲಿ ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ಕಲಾ, ವಾಣಿಜ್ಯ, ವಿಜ್ಞಾನ ಎಂದು ಮೂರು ದಾರಿ. ಯಾವ ದಾರಿ ಎಲ್ಲಿಗೆ ಹೋಗುತ್ತದೆ, ಯಾವ ಬಾಗಿಲು ಮುಚ್ಚುತ್ತದೆ ಎಂಬುದನ್ನು ಸೇರುವ ಮುಂಚೆ ತಿಳಿಯಬೇಕು. ಇಂಜಿನಿಯರಿಂಗಿಗೆ ಭೌತಶಾಸ್ತ್ರ, ಗಣಿತ ಬೇಕೇ ಬೇಕು. ವೈದ್ಯಕೀಯಕ್ಕೆ ಜೀವಶಾಸ್ತ್ರ ಬೇಕು. ಅವನ್ನು ಬಿಟ್ಟವನು ಆ ಕಡೆಗೆ ಹಿಂದಿರುಗುವುದು ಕಷ್ಟ. ಆದರೆ ಕಾನೂನು ಓದಲು, ಬಿ.ಎ., ಬಿ.ಕಾಂ. ಮಾಡಲು, ಪ್ರಾಥಮಿಕ ಶಾಲೆಯ ಶಿಕ್ಷಕರ ತರಬೇತಿಗೆ ಹೋಗಲು ವಿಜ್ಞಾನವೇ ಆಗಬೇಕೆಂದಿಲ್ಲ. ಅಂಗಡಿಕಾರ ಮಿತ್ರರಿಗೆ ಒಂದು ಮಾತು. ಜಿ.ಎಸ್.ಟಿ. ಕಾಗದಗಳನ್ನು ಹಿಡಿದು ತಿಂಗಳು ತಿಂಗಳು ಇನ್ನೊಬ್ಬರ ಮೆಟ್ಟಿಲು ಹತ್ತುವವರು ನೀವು. ಲೆಕ್ಕಶಾಸ್ತ್ರ ಕಲಿಯಲು ಮನಸ್ಸಿರುವ ಮಗಳನ್ನು "ವಿಜ್ಞಾನವೇ ಘನತೆ" ಎಂದು ಏಕೆ ತಡೆಯುತ್ತೀರಿ?

ಕೈಕೆಲಸದಲ್ಲಿ ಚುರುಕಾದ ಹುಡುಗನಿಗೆ ಇನ್ನೊಂದು ದಾರಿಯೂ ಇದೆ. ಹತ್ತನೆಯ ತರಗತಿ ಮುಗಿಸಿ ಸರ್ಕಾರಿ ಪಾಲಿಟೆಕ್ನಿಕ್ಕಿನಲ್ಲಿ ಮೂರು ವರ್ಷದ ಡಿಪ್ಲೊಮಾ ಮಾಡಬಹುದು. ಬೇಕಿದ್ದರೆ ಆಮೇಲೆ ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೇ ಸೇರಬಹುದು. ಬೇಡವಾದರೆ ಕೈಯಲ್ಲಿ ಕಸುಬು ಇರುತ್ತದೆ. ಐ.ಟಿ.ಐ. ಕೂಡ ಇದೆ.

ಎರಡನೆಯದು, ಪಾಠ ಹೇಳುವವರು. ಕಟ್ಟಡ ಪಾಠ ಹೇಳುವುದಿಲ್ಲ. ಕಾಲೇಜಿಗೆ ಹೋಗಿ ಪ್ರಾಂಶುಪಾಲರನ್ನು ಕೇಳಿ: ಭೌತಶಾಸ್ತ್ರಕ್ಕೆ ಕಾಯಂ ಉಪನ್ಯಾಸಕರಿದ್ದಾರೆಯೇ? ಗಣಿತಕ್ಕೆ? ಅತಿಥಿ ಉಪನ್ಯಾಸಕರಾದರೆ ಹೋದ ವರ್ಷ ಯಾವ ತಿಂಗಳು ಬಂದರು? ಸರ್ಕಾರಿ ಕಾಲೇಜಿನ ಕಾಯಂ ಉಪನ್ಯಾಸಕರು ಸ್ನಾತಕೋತ್ತರ ಪದವಿ ಪಡೆದು, ಸ್ಪರ್ಧೆಯಲ್ಲಿ ಆಯ್ಕೆಯಾಗಿ ಬಂದವರು. ಅವರಿದ್ದಲ್ಲಿ ಪಾಠಕ್ಕೆ ಕೊರತೆಯಿಲ್ಲ. ಹುದ್ದೆ ಖಾಲಿ ಇದ್ದಲ್ಲಿ ಮಾತ್ರ ತೊಂದರೆ. ಖಾಸಗಿಯಲ್ಲೂ ಇದೇ ಪ್ರಶ್ನೆ ಕೇಳಿ. ಫೀಸು ಹೆಚ್ಚಿದ್ದಲ್ಲಿ ಮೇಷ್ಟರು ಹೆಚ್ಚು ಕಾಲ ನಿಲ್ಲುತ್ತಾರೆಂಬ ಖಾತ್ರಿ ಏನೂ ಇಲ್ಲ. ಅಂಥ ಶಾಲೆಯ ಸಂಬಳ ಎಷ್ಟೆಂಬುದನ್ನು ಎಣಿಸಿಕೊಂಡು ಬಂದವನು ನಾನು.

ಮೂರನೆಯದು, ಪ್ರಯೋಗಶಾಲೆ. ವಿಜ್ಞಾನದ ವಿಷಯಕ್ಕೆ ನೂರರಲ್ಲಿ 30 ಅಂಕ ಪ್ರಯೋಗಕ್ಕೆ. ಪ್ರಯೋಗಶಾಲೆಯ ಬೀಗ ತೆಗೆಸಿ ನೋಡಿ. ಬೆಂಚಿನ ಮೇಲೆ ಧೂಳಿದೆಯೋ, ಆಸಿಡ್ ಬಿದ್ದ ಕಲೆಯಿದೆಯೋ? ಕಲೆಯಿದ್ದರೆ ಸಂತೋಷಪಡಿ, ಅಲ್ಲಿ ಕೆಲಸ ನಡೆದಿದೆ.

ನಾಲ್ಕನೆಯದು, ಭಾಷೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಗು ಕಲಾ, ವಾಣಿಜ್ಯ ವಿಭಾಗಗಳಲ್ಲಿ ಕನ್ನಡದಲ್ಲೇ ಓದಿ ಪರೀಕ್ಷೆ ಬರೆಯಬಹುದು. ವಿಜ್ಞಾನದ ಪಾಠ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಮೊದಲ ನಾಲ್ಕು ತಿಂಗಳು ಎಷ್ಟೋ ಜಾಣ ಮಕ್ಕಳು ಬಾಯಿ ಕಟ್ಟಿದಂತೆ ಕೂತುಬಿಡುತ್ತಾರೆ. ವಿಷಯ ಬಾರದ್ದಲ್ಲ, ಪದ ಬಾರದ್ದು. ಕನ್ನಡದಲ್ಲಿ ವಿವರಿಸಿ ಹೇಳುವ ಉಪನ್ಯಾಸಕರು ಯಾರೆಂದು ಎರಡನೆಯ ವರ್ಷದ ಹುಡುಗರನ್ನೇ ಕೇಳಿ. ಅವರು ಸುಳ್ಳು ಹೇಳುವುದಿಲ್ಲ. ಇನ್ನೊಂದು ಸಂಗತಿ: ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ, ಹಾಗೆಯೇ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಸಿ.ಇ.ಟಿ. ಸೀಟುಗಳಲ್ಲಿ ಮೀಸಲಾತಿ ಇದೆ. ಆ ಪ್ರಮಾಣಪತ್ರವನ್ನು ಹಳೆಯ ಶಾಲೆಯಿಂದ ಈಗಲೇ ಬರೆಸಿಟ್ಟುಕೊಳ್ಳಿ.

ಐದನೆಯದು, ಖರ್ಚು ಮತ್ತು ದೂರ. ಸರ್ಕಾರಿ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕ ಇಲ್ಲ. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ ಖರ್ಚೂ ಇಲ್ಲ. ಆದರೆ ಬಸ್ಸು ಎಷ್ಟು ಗಂಟೆಗೆ ಬರುತ್ತದೆ, ಸಂಜೆ ಕೊನೆಯ ಬಸ್ಸು ಯಾವುದು ಎಂದು ನೀವೇ ಒಮ್ಮೆ ಹೋಗಿ ಬಂದು ನೋಡಿ. ಮಿಲ್ಲು ಕಾರ್ಮಿಕರಿಗೆ ವಿಶೇಷವಾಗಿ ಹೇಳುತ್ತೇನೆ. 1965ರ ಕಾರ್ಮಿಕ ಕಲ್ಯಾಣ ನಿಧಿ ಕಾಯಿದೆಯಂತೆ ನಿಮ್ಮ ಸಂಬಳದಿಂದ ವರ್ಷಕ್ಕೊಮ್ಮೆ ವಂತಿಗೆ ಮುರಿಯುತ್ತಾರೆ, ಮಾಲೀಕರೂ ಕಟ್ಟುತ್ತಾರೆ. ಆ ಮಂಡಳಿಯಿಂದ ಕಾರ್ಮಿಕರ ಮಕ್ಕಳಿಗೆ ಶೈಕ್ಷಣಿಕ ಧನಸಹಾಯ ಉಂಟು. ಅರ್ಜಿಗೆ ಮಿಲ್ಲಿನ ಕಛೇರಿಯ ದೃಢೀಕರಣ ಬೇಕು. ಅದು ಯಾರ ದಾನವೂ ಅಲ್ಲ, ನಿಮ್ಮದೇ ದುಡ್ಡು. ಕೇಳಲು ನಾಚಬೇಡಿ. ಹಿಂದುಳಿದ ವರ್ಗ, ಪರಿಶಿಷ್ಟ ಜಾತಿ, ಪಂಗಡದವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ, ವಿದ್ಯಾರ್ಥಿನಿಲಯಗಳಿವೆ. ಅರ್ಜಿಯ ದಿನ ದಾಟಿದರೆ ಯಾರೂ ಕೇಳುವವರಿಲ್ಲ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. "ಕೋಚಿಂಗ್ ಕೊಡುವ ಕಾಲೇಜಿಗೆ ಹಾಕದಿದ್ದರೆ ಸೀಟು ಸಿಗುತ್ತದೆಯೇ?" ನಮ್ಮ ರಾಜ್ಯದಲ್ಲಿ ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಅಂಕ ಅರ್ಧ, ಸಿ.ಇ.ಟಿ. ಅಂಕ ಅರ್ಧ. ಅಂದಮೇಲೆ ತರಗತಿಯ ಪಾಠ ವ್ಯರ್ಥವಲ್ಲ. ವೈದ್ಯಕೀಯಕ್ಕೆ ನೀಟ್ ಒಂದೇ ಲೆಕ್ಕ. ಅಲ್ಲಿ ಪೈಪೋಟಿ ಕಠಿಣ, ಕೋಚಿಂಗಿಗೆ ಹೋದವರಿಗೆ ಅನುಕೂಲವಿರುವುದು ನಿಜ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಮಗುವಿಗೆ ಆ ಆಸೆ ನಿಜವಾಗಿ ಇದೆಯೇ, ಅಥವಾ ಅದು ನಮ್ಮ ಆಸೆಯೇ? ಮನೆ ಪತ್ರ ಅಡವಿಡುವ ಮುಂಚೆ ಒಂದು ರಾತ್ರಿ ಮಗುವಿನೊಡನೆ ಕೂತು ಮಾತಾಡಿ. ಪೆಟ್ಟು ಬಿದ್ದರೂ ದಾರಿ ಮುಗಿಯುವುದಿಲ್ಲ. ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದೆ.

ಇಂಗ್ಲೆಂಡಿನಲ್ಲಿ ಈ ಎರಡು ವರ್ಷಗಳಿಗೆ ಸಿಕ್ಸ್ತ್ ಫಾರ್ಮ್ ಎನ್ನುತ್ತಾರೆ. ಅಲ್ಲಿಯ ಸರ್ಕಾರಿ ಹಣದ ಕಾಲೇಜುಗಳಲ್ಲಿ ಆ ವಯಸ್ಸಿನ ಮಕ್ಕಳಿಗೆ ಬೋಧನಾ ಶುಲ್ಕವಿಲ್ಲ. 2008ರ ಕಾನೂನು ಮಾಡಿ, 2015ರಿಂದ 18 ವರ್ಷದವರೆಗೆ ಮಗು ಓದಿನಲ್ಲೋ ತರಬೇತಿಯಲ್ಲೋ ಇರಲೇಬೇಕೆಂದು ವಿಧಿಸಿದ್ದಾರೆ. ನಮ್ಮಲ್ಲಿ 2009ರ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14ಕ್ಕೆ ನಿಂತುಬಿಟ್ಟಿದೆ. ಹದಿನೈದರ ಮಗು ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ಅಪ್ಪನ ಜೇಬಿಗೆ ಬೀಳುತ್ತದೆ. ಆದರೆ ಅಲ್ಲಿಯವರಿಂದ ಇಂದೇ ಕಲಿಯಬಹುದಾದ ಒಂದು ಪದ್ಧತಿ ಇದೆ. ಸೇರುವ ಮುಂಚೆ ಕಾಲೇಜುಗಳು ಬಾಗಿಲು ತೆರೆದು ತಂದೆತಾಯಿಯರನ್ನೂ ಮಕ್ಕಳನ್ನೂ ಕರೆಯುತ್ತವೆ. ತರಗತಿ ತೋರಿಸಿ ಪ್ರಶ್ನೆಗೆ ಉತ್ತರ ಕೊಡುತ್ತವೆ. ನಮ್ಮನ್ನು ಯಾರೂ ಕರೆಯದಿದ್ದರೆ ನಾವೇ ಹೋಗೋಣ.

ದಾವಣಗೆರೆಯನ್ನು ನೆನೆಯಿರಿ. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ಊರು. ಅಲ್ಲಿಯ ಹತ್ತಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅಪ್ಪನ ಕೆಲಸ ಮಗನಿಗೆ ಸಿಗುತ್ತದೆಂಬ ಕಾಲ ಮುಗಿಯಿತು. ಅದಕ್ಕಾಗಿಯೇ ಈ ಎರಡು ವರ್ಷ ಇಷ್ಟು ಮುಖ್ಯ.

ಕೊನೆಯ ಮಾತು. ಬರುವ ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ಸರ್ಕಾರಿ ಪದವಿಪೂರ್ವ ಕಾಲೇಜಿನ ಗೇಟಿನಲ್ಲಿರುತ್ತೇನೆ. ಬರುವವರು ಮಗುವನ್ನು ಕರೆದುಕೊಂಡು ಬನ್ನಿ. ಐದು ಪ್ರಶ್ನೆಗಳನ್ನೂ ಕೇಳೋಣ. ಎಲ್ಲ ಸರಿಯಿದ್ದರೆ ಅಲ್ಲೇ ಅರ್ಜಿ ಪಡೆಯೋಣ. ಉಪನ್ಯಾಸಕರ ಹುದ್ದೆ ಖಾಲಿಯಿದ್ದರೆ ಬರೆದುಕೊಂಡು ಕಾಲೇಜು ಅಭಿವೃದ್ಧಿ ಸಮಿತಿಗೂ ಶಾಸಕರಿಗೂ ಅರ್ಜಿ ಕೊಡೋಣ. ಬಡವರ ಮಕ್ಕಳಷ್ಟೇ ಓದುವ ಕಾಲೇಜಿನ ಖಾಲಿ ಕುರ್ಚಿಯನ್ನು ಯಾರೂ ಎಣಿಸುವುದಿಲ್ಲ. ನಾವು ಎಣಿಸಿದರೆ ಅದು ತುಂಬೀತು.

ನಮ್ಮ ತಂದೆ ತೀರಿಕೊಳ್ಳುವ ಮುಂಚೆ ಒಂದು ಮಾತು ಹೇಳಿದ್ದರು: "ಎರಡು ಬೀದಿ ನಡೆದು ಒಂದು ಸಲ ಕೇಳಿದ್ದರೆ ಆಗುತ್ತಿತ್ತು." ಆ ಎರಡು ಬೀದಿಯನ್ನು ನೀವು ನಡೆಯಿರಿ.