ಚಿನ್ನದ ಮಾತು ಸಾಕು, ನೀರಿನ ಲೆಕ್ಕ ಹೇಳಿ



ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಚುನಾವಣೆ ಅಂದ ಕೂಡಲೇ ಒಂದು ಮಾತು ತಪ್ಪದೇ ಕೇಳಿಬರುತ್ತೆ. ‘ಗಣಿ ಮತ್ತೆ ತೆರೆಸ್ತೀವಿ.’ ಲೋಕಸಭೆಗೆ ನಿಂತವರ ಬಾಯಲ್ಲೂ ಅದೇ, ವಿಧಾನಸಭೆಗೆ ನಿಂತವರ ಬಾಯಲ್ಲೂ ಅದೇ. ಕಡೆಗೆ ನಗರಸಭೆಯ ಒಂದು ವಾರ್ಡಿಗೆ ನಿಂತವರು ಕೈಮುಗಿದುಕೊಂಡು ಮನೆ ಬಾಗಿಲಿಗೆ ಬಂದಾಗಲೂ ಅದೇ ಚಿನ್ನದ ಮಾತು. ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್, ಅಂದರೆ ಬಿಜಿಎಂಎಲ್, ಕೆಲಸ ನಿಲ್ಲಿಸಿದ್ದು 2001ರ ಫೆಬ್ರವರಿ 28ಕ್ಕೆ. ಆ ವರ್ಷ ಹುಟ್ಟಿದ ಮಕ್ಕಳು ಬೆಳೆದು ವೋಟು ಹಾಕೋದಕ್ಕೆ ಶುರು ಮಾಡಿದ್ದಾರೆ. ಅವರ ಕಿವಿಗೂ ಅದೇ ಭರವಸೆ ಬೀಳ್ತಿದೆ.

ಗಣಿ ತೆರೆಯಬೇಕೋ ಬೇಡವೋ ಅನ್ನೋದು ಬೇರೆ ಚರ್ಚೆ. ಅದು ಕೇಂದ್ರ ಸರ್ಕಾರದ ಕೈಲಿರೋ ವಿಷಯ, ಅದಕ್ಕೆ ಸಂಸತ್ತಿದೆ, ಗಣಿ ಸಚಿವಾಲಯ ಇದೆ. ಇವತ್ತು ನಾನು ಮಾತಾಡ್ತಿರೋದು ಆ ವಾರ್ಡಿಗೆ ನಿಂತವರ ಬಗ್ಗೆ. ಸ್ವಾಮಿ, ನಿಮ್ಮ ಕೈಯಲ್ಲಿ ಏನಿದೆ? ಅದನ್ನ ಮೊದಲು ಹೇಳಿ.

ಏನಿದೆ ಅನ್ನೋದನ್ನ ಸಂವಿಧಾನವೇ ಬರೆದಿಟ್ಟಿದೆ. 74ನೇ ತಿದ್ದುಪಡಿ ಬಂದಾಗ ಹನ್ನೆರಡನೇ ಅನುಸೂಚಿ ಅಂತ ಒಂದು ಪಟ್ಟಿ ಸೇರಿಸಿದರು. ನಗರಾಡಳಿತಕ್ಕೆ ಒಪ್ಪಿಸಬಹುದಾದ 18 ವಿಷಯಗಳು ಅದರಲ್ಲಿವೆ. ನೀರು ಇದೆ. ರಸ್ತೆ ಇದೆ. ನೈರ್ಮಲ್ಯ, ಕಸ, ಕೊಳೆಗೇರಿ ಸುಧಾರಣೆ, ಬೀದಿ ದೀಪ, ಸ್ಮಶಾನ, ಜನನ ಮರಣ ನೋಂದಣಿ, ದೊಡ್ಡಿ, ಕಸಾಯಿಖಾನೆ, ಎಲ್ಲಾ ಇದೆ. ಹದಿನೆಂಟನ್ನೂ ಹುಡುಕಿ ನೋಡಿ, ಚಿನ್ನ ಎಲ್ಲೂ ಇಲ್ಲ. ಇಲ್ಲದೇ ಇರೋದನ್ನ ಕೊಡ್ತೀನಿ ಅಂತ ಹೇಳೋರು, ಕೊಡಲೇಬೇಕಾದ್ದರ ಬಗ್ಗೆ ಬಾಯಿ ಬಿಡದೇ ಇದ್ದರೆ ನಾವು ಸುಮ್ಮನೆ ಬಿಡಬೇಕಾ?

ಈ ಊರಿನ ಹಿಂದಿನ ಕಥೆ ಗೊತ್ತಿದ್ದರೆ ಹೊಟ್ಟೆ ಇನ್ನೂ ಉರಿಯುತ್ತೆ. 1880ರ ದಶಕದಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಗಣಿಗಾರಿಕೆ ಕೈಗೆತ್ತಿಕೊಂಡಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ವಿದ್ಯುತ್ ತಂದರು. ಬೆಂಗಳೂರಿಗೆ ದೀಪ ಬಂದಿದ್ದು ಆಮೇಲೆ, 1905ರಲ್ಲಿ. ಪಾಲಾರ್ ನದಿಯ ಬೇತಮಂಗಲ ಜಲಾಶಯದಿಂದ ಇಲ್ಲಿಗೆ ಕೊಳವೆಯಲ್ಲಿ ನೀರು ಬಂತು. ಆಸ್ಪತ್ರೆ, ಕ್ಲಬ್ಬು, ಶಾಲೆ, ಚರ್ಚು, ಎಲ್ಲವೂ ಬಂದವು. ಮಿನಿ ಇಂಗ್ಲೆಂಡ್ ಅಂತ ಕರೆದರು. ಚಾಂಪಿಯನ್ ರೀಫ್‌ನಲ್ಲಿ ಭೂಮಿಯೊಳಗೆ ಮೂರು ಕಿಲೋಮೀಟರಿಗೂ ಆಳಕ್ಕೆ ಮನುಷ್ಯರು ಇಳಿದು ಚಿನ್ನ ತೆಗೆದರು. ನೂರಿಪ್ಪತ್ತು ವರ್ಷದಲ್ಲಿ ಹತ್ತಿರ ಹತ್ತಿರ 800 ಟನ್ ಚಿನ್ನ.

ಆದರೆ ಒಂದು ವಿಷಯ ಗಮನಿಸಿ. ಈ ಸೌಕರ್ಯ ಎಲ್ಲಾ ಕೊಡ್ತಿದ್ದದ್ದು ಕಂಪನಿ. ಕಾಲೊನಿಯ ನೀರು ಕಂಪನಿಯದು, ಕರೆಂಟು ಕಂಪನಿಯದು, ಆಸ್ಪತ್ರೆ ಕಂಪನಿಯದು. ಮೈಸೂರು ಸರ್ಕಾರ 1956ರಲ್ಲಿ ಗಣಿಯನ್ನ ವಹಿಸಿಕೊಂಡಿತು, 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹೋಯಿತು, 1972ರಲ್ಲಿ ಬಿಜಿಎಂಎಲ್ ಆಯಿತು. ಮಾಲೀಕರು ಬದಲಾದರೂ ಪದ್ಧತಿ ಬದಲಾಗಲಿಲ್ಲ. ಗಣಿಗೆ ಬೀಗ ಬಿದ್ದ ದಿನ ಕೂಲಿಯ ಜೊತೆಗೆ ಕಾಲೊನಿಗಳ ಪಾಲಿನ ಪುರಸಭೆಯೂ ಮುಚ್ಚಿದ ಹಾಗಾಯ್ತು. ಮಾರಿಕುಪ್ಪಂ, ಚಾಂಪಿಯನ್ ರೀಫ್, ಕೋರಮಂಡಲ್, ಊರಿಗಾಂ ಕಡೆಯ ಲೈನ್ ಮನೆಗಳಲ್ಲಿ ಇರುವ ಜನ ಯಾರನ್ನ ಕೇಳಬೇಕು? ಬಿಜಿಎಂಎಲ್ ಕಡೆ ಹೋದರೆ ನಗರಸಭೆಗೆ ಹೋಗಿ ಅನ್ನೋದು, ನಗರಸಭೆಗೆ ಹೋದರೆ ಅದು ಬಿಜಿಎಂಎಲ್ ಜಾಗ ಅನ್ನೋದು. ಜಾಗ ಯಾರದ್ದೇ ಆಗಿರಲಿ ಸ್ವಾಮಿ, ಅಲ್ಲಿರೋ ವೋಟು ನಿಮಗೆ ಬೇಕು ತಾನೆ? ಹಾಗಾದರೆ ಅಲ್ಲಿಯ ಚರಂಡಿಯೂ ನಿಮ್ಮದೇ.

ಈಗ ಒಂದೊಂದಾಗಿ ಬರೋಣ. ವಾರ್ಡಿಗೆ ನಿಂತವರು ಯಾವ ಪಕ್ಷದವರಾಗಲಿ, ಪಕ್ಷೇತರರಾಗಲಿ, ಅವರ ಪಟ್ಟಿಯಲ್ಲಿ ಇರಲೇಬೇಕಾದ ನಾಲ್ಕು ವಿಷಯ ಹೇಳ್ತೀನಿ.

ಮೊದಲನೇದು, ನೀರು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯೋ ನದಿ ಒಂದೂ ಇಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದೆ, ಬರೋ ನೀರಲ್ಲೂ ಫ್ಲೋರೈಡ್ ಕಾಟ. ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಹತ್ತಿರ ಮಾರ್ಕಂಡೇಯ ನದಿಗೆ ಅಣೆಕಟ್ಟು ಕಟ್ಟಿ, 2023ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟನೆ ಮಾಡಿದರು. ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೆ ಮತ್ತು 45 ಹಳ್ಳಿಗಳಿಗೆ ಕುಡಿಯೋ ನೀರು ಕೊಡಬೇಕು ಅನ್ನೋದು ಆ ಯೋಜನೆ. ಸಂತೋಷ. ಬಂಗಾರಪೇಟೆ ಅಭ್ಯರ್ಥಿಗಳೇ, ಈಗ ನಿಮಗೆ ನೆಪ ಇಲ್ಲ. ನಿಮ್ಮ ವಾರ್ಡಿನ ಯಾವ ಬೀದಿಗೆ ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತಿಗೆ ನೀರು ಬಿಡ್ತೀರಿ? ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸ್ತೀರಾ? ನೀರುಗಂಟಿ ಯಾರ ಮಾತು ಕೇಳಿ ವಾಲ್ವ್ ತಿರುಗಿಸ್ತಾನೆ ಅನ್ನೋದು ಬೀದಿಗೆಲ್ಲಾ ಗೊತ್ತಿರೋ ಗುಟ್ಟು. ಆ ಗುಟ್ಟನ್ನ ಮುಗಿಸಬೇಕು.

ಬಂಗಾರಪೇಟೆ ಪಾನಿಪುರಿ ಇಡೀ ರಾಜ್ಯಕ್ಕೇ ಹೆಸರುವಾಸಿ. ಬೇರೆ ಕಡೆ ಪಾನಿ ಹಸಿರು, ಇಲ್ಲಿ ಮಾತ್ರ ತಿಳಿನೀರಿನ ಹಾಗೆ ಇರುತ್ತೆ. ಪುರಿಯೊಳಗಿನ ಪಾನಿ ಅಷ್ಟು ತಿಳಿಯಾಗಿರೋ ಊರಲ್ಲಿ ನಲ್ಲಿ ನೀರೂ ಅಷ್ಟೇ ತಿಳಿಯಾಗಿರಲಿ ಅಂತ ಕೇಳೋದು ತಪ್ಪಾ?

ಯರಗೋಳ್ ಪಟ್ಟಿಯಲ್ಲಿ ಕೋಲಾರ ಇದೆ, ಬಂಗಾರಪೇಟೆ ಇದೆ, ಮಾಲೂರು ಇದೆ. ಕೆಜಿಎಫ್ ಇಲ್ಲ. ನೂರು ವರ್ಷದ ಹಿಂದೆ ಜಿಲ್ಲೆಯಲ್ಲೇ ಮೊದಲು ಕೊಳವೆ ನೀರು ಕಂಡ ಊರು ಈಗ ಟ್ಯಾಂಕರ್ ದಾರಿ ಕಾಯೋದು ಅಂದರೆ ಏನರ್ಥ? ಬೇತಮಂಗಲದ ಹೂಳಿನ ಬಗ್ಗೆ, ಹಳೇ ಕೊಳವೆ ಮಾರ್ಗದ ಬಗ್ಗೆ, ಟ್ಯಾಂಕರ್ ಬಿಲ್ಲಿನ ಬಗ್ಗೆ ಕೌನ್ಸಿಲ್ ಸಭೆಯಲ್ಲಿ ಎದ್ದು ಕೇಳೋನೇ ನಮಗೆ ಬೇಕಾದ ಸದಸ್ಯ.

ಎರಡನೇದು, ಕಕ್ಕಸು ಮತ್ತು ಒಳಚರಂಡಿ. ಊಟದ ಹೊತ್ತಿಗೆ ಈ ಮಾತು ಯಾಕೆ ಅಂತ ಬೇಜಾರು ಮಾಡ್ಕೋಬೇಡಿ. ಮಲ ಹೊರುವ ಪದ್ಧತಿ ಕೆಜಿಎಫ್‌ನಲ್ಲಿ ಇನ್ನೂ ಜೀವಂತ ಇತ್ತು ಅನ್ನೋದು ರಾಜ್ಯಕ್ಕೆ ಗೊತ್ತಾಗಿದ್ದು 2011ರಲ್ಲಿ, ಮಲದ ಗುಂಡಿಗೆ ಇಳಿದ ಮೂವರು ಜೀವ ಬಿಟ್ಟಾಗ. ಚಿನ್ನಕ್ಕೆ ಭೂಮಿಯೊಳಗೆ ಇಳಿದವರ ಊರಲ್ಲಿ, ಮುಂದಿನ ತಲೆಮಾರಿನವರು ಹೊಟ್ಟೆಪಾಡಿಗೆ ಇಳಿದದ್ದು ಇಂಥ ಗುಂಡಿಗೆ. 2013ರಲ್ಲಿ ಕಠಿಣ ಕಾಯ್ದೆ ಬಂತು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಿ ಅಂತ 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಅದನ್ನ 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿದ್ದು ಒಳ್ಳೇದೇ. ಆದರೆ ಮನುಷ್ಯ ಗುಂಡಿಗೆ ಇಳಿಯದ ಹಾಗೆ ನೋಡ್ಕೊಳ್ಳೋದು ಯಾರ ಕೆಲಸ? ಅದು ನಗರಸಭೆಯ ಕೆಲಸ. ನಿಮ್ಮ ವಾರ್ಡಿನಲ್ಲಿ ಎಷ್ಟು ಮನೆಗೆ ಕಕ್ಕಸಿಲ್ಲ, ಎಷ್ಟು ಮನೆಯ ಪೈಪು ತೆರೆದ ಚರಂಡಿಗೆ ಬಿಟ್ಟಿದೆ, ಹೀರುವ ಯಂತ್ರ ಎಷ್ಟಿದೆ, ಕೆಟ್ಟು ನಿಂತಿರೋದು ಎಷ್ಟು? ಈ ಲೆಕ್ಕ ಗೊತ್ತಿಲ್ಲದವರು ವೋಟು ಕೇಳೋಕೆ ಬಂದರೆ, ಲೆಕ್ಕ ತಗೊಂಡು ಬನ್ನಿ ಅಂತ ವಾಪಸ್ ಕಳಿಸಿ.

ಮೂರನೇದು, ಧೂಳು. ಸಿನಿಮಾದವರಿಗೆ ಸೈನೈಡ್ ಗುಡ್ಡ ಅಂದರೆ ಚಂದದ ಲೊಕೇಶನ್ನು. ಯಶ್ ಸಿನಿಮಾ ಬಂದ ಮೇಲೆ ದೇಶದ ಎಲ್ಲಾ ಭಾಷೆಯವರೂ ಕೆಜಿಎಫ್ ಅನ್ನೋ ಮೂರಕ್ಷರ ಕಲಿತರು. ಆದರೆ ಆ ಗುಡ್ಡದ ಪಕ್ಕದಲ್ಲಿ ಬಟ್ಟೆ ಒಣಗಿಸೋ ತಾಯಂದಿರನ್ನ ಕೇಳಿ. ಗಾಳಿ ಎದ್ದರೆ ಬಾಗಿಲು ಹಾಕಬೇಕು, ಮಳೆ ಬಂದರೆ ಅದೇ ಮಣ್ಣು ಕೊಚ್ಚಿಕೊಂಡು ತಗ್ಗಿಗೆ ಬರುತ್ತೆ. ಅದಿರನ್ನ ಪುಡಿ ಮಾಡಿ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣದು. ಅಂಥ 13 ದಿಬ್ಬ, ಸಾವಿರ ಎಕರೆಗೂ ಮೇಲ್ಪಟ್ಟ ಜಾಗ, ಸುಮಾರು 3.3 ಕೋಟಿ ಟನ್ ಮಣ್ಣು. ಈ ದಿಬ್ಬಗಳಲ್ಲಿ ಮತ್ತೆ ಚಿನ್ನ ತೆಗೆಯೋ ಕೇಂದ್ರದ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿದೆ.

ಕೆಲಸ ಬಂದರೆ ಬರಲಿ, ಯಾರು ಬೇಡ ಅಂತಾರೆ? ಆದರೆ ಗುಡ್ಡ ಅಗೆಯೋಕೆ ಶುರು ಮಾಡಿದರೆ ಧೂಳು ಹೆಚ್ಚಾಗುತ್ತೋ ಕಡಿಮೆ ಆಗುತ್ತೋ? ಆ ಪ್ರಶ್ನೆ ದೆಹಲಿಯಲ್ಲಿ ಯಾರೂ ಕೇಳಲ್ಲ, ವಾರ್ಡಿನವರೇ ಕೇಳಬೇಕು. ಗಣಿ ತೆರೆಸೋ ಶಕ್ತಿ ನಗರಸಭೆ ಸದಸ್ಯನಿಗೆ ಇಲ್ಲದೇ ಇರಬಹುದು. ಧೂಳಿನ ಅಳತೆ ಯಂತ್ರ ಕೂರಿಸಿ, ನೀರು ಸಿಂಪಡಿಸಿ, ಗಿಡ ನೆಡಿ, ಕೆಲಸದಲ್ಲಿ ಊರಿನವರಿಗೆ ಮೊದಲು ಅವಕಾಶ ಕೊಡಿ ಅಂತ ಕೌನ್ಸಿಲ್‌ನಲ್ಲಿ ಠರಾವು ಮಾಡಿ, ಮಾಲಿನ್ಯ ನಿಯಂತ್ರಣ ಮಂಡಳಿಗೂ ಜಿಲ್ಲಾಧಿಕಾರಿಗೂ ಕಳಿಸೋ ಶಕ್ತಿ ಖಂಡಿತ ಇದೆ. ಕಣ್ಣಿಗೆ ಮಣ್ಣೆರಚೋದು ಅಂತೀವಲ್ಲ, ಅದು ಇಲ್ಲಿ ಬರೀ ಗಾದೆ ಆಗಿ ಉಳಿದಿಲ್ಲ.

ನಾಲ್ಕನೇದು, ಕಾಗದಪತ್ರ. ಬಿಜಿಎಂಎಲ್ ಲೈನ್ ಮನೆಗಳ ಹಕ್ಕುಪತ್ರ ಮಾಜಿ ಕಾರ್ಮಿಕರ ಕುಟುಂಬಗಳ ಹಳೇ ಗೋಳು. ಬಂಗಾರಪೇಟೆ ಕಡೆ ಬಂದರೆ ಗೋಳಿನ ರೂಪ ಬೇರೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇ ಹಾದುಹೋದ ಮೇಲೆ ರಾಗಿ ಬೆಳೀತಿದ್ದ ಹೊಲಕ್ಕೆ ಸೈಟಿನ ಕಲ್ಲು ಬಿದ್ದಿದೆ. ಸಾಲ ಮಾಡಿ ಸೈಟು ತಗೊಂಡವರು ಆಮೇಲೆ ಖಾತೆಗೆ ಅಲೀತಾರೆ. ಆ ಬಡಾವಣೆಗೆ ರಸ್ತೆ ಇಲ್ಲ, ಮೋರಿ ಇಲ್ಲ, ಪಾರ್ಕಿಗೆ ಬಿಟ್ಟ ಜಾಗದಲ್ಲಿ ಇನ್ನೊಂದು ಸೈಟು. ಅಭ್ಯರ್ಥಿಗಳೇ, ನಿಮ್ಮಲ್ಲಿ ಎಷ್ಟು ಮಂದಿ ಲೇಔಟ್ ವ್ಯವಹಾರದವರಿದ್ದೀರಿ? ತಪ್ಪಲ್ಲ, ವ್ಯಾಪಾರ ಮಾಡಿ. ಆದರೆ ಸೈಟು ಮಾರೋ ಕೈ, ಅದಕ್ಕೆ ಅನುಮತಿ ಕೊಡೋ ಸಭೆಯಲ್ಲಿ ಎತ್ತೋ ಕೈ, ಎರಡೂ ಒಂದೇ ಆದರೆ ಜನರ ಗತಿ ಏನು?

ಇಷ್ಟೆಲ್ಲಾ ಕೇಳಿದ ಮೇಲೆ ಅಭ್ಯರ್ಥಿಗಳು ಹೇಳೋ ಉತ್ತರವೂ ನನಗೆ ಗೊತ್ತು. ‘ಸಾರ್, ದುಡ್ಡೆಲ್ಲಿದೆ? ಅಧಿಕಾರ ಎಲ್ಲಿದೆ?’ ಈ ಮಾತಿನಲ್ಲಿ ಅರ್ಧ ಸತ್ಯ ಇದೆ. 2019ರ ನವೆಂಬರ್ 12ರಂದು ರಾಬರ್ಟ್‌ಸನ್‌ಪೇಟೆ ನಗರಸಭೆಯ 35 ವಾರ್ಡಿಗೆ ಮತದಾನ ಆಯಿತು. ಅಧ್ಯಕ್ಷ, ಉಪಾಧ್ಯಕ್ಷರ ಮೀಸಲಾತಿ ಪಟ್ಟಿ ಕೋರ್ಟು ಹತ್ತಿ, ರಾಜ್ಯದ ಎಷ್ಟೋ ಊರುಗಳಲ್ಲಿ ಗೆದ್ದವರು ಅಧಿಕಾರ ಇಲ್ಲದೆ ತಿಂಗಳುಗಟ್ಟಲೆ, ಕೆಲವು ಕಡೆ ವರ್ಷಗಟ್ಟಲೆ ಕೂತರು. ಜನ ಆರಿಸಿದವರು ಹೊರಗೆ, ಆಡಳಿತಾಧಿಕಾರಿ ಒಳಗೆ. ಇದು ಅನ್ಯಾಯ, ಒಪ್ಪೋಣ.

ಆದರೆ ದುಡ್ಡೇ ಇಲ್ಲ ಅನ್ನೋದನ್ನ ಒಪ್ಪೋಕಾಗಲ್ಲ. 15ನೇ ಹಣಕಾಸು ಆಯೋಗ ಇಂಥ ಊರುಗಳಿಗೆ 2021ರಿಂದ 2026ರ ಅವಧಿಗೆ ಹೇಳಿದ ಅನುದಾನದಲ್ಲಿ ಶೇಕಡಾ 60 ಭಾಗ ಕುಡಿಯುವ ನೀರು, ನೈರ್ಮಲ್ಯ ಮತ್ತು ಕಸ ವಿಲೇವಾರಿಗೇ ಮೀಸಲು. ಅದನ್ನ ಬೇರೆ ಕಡೆಗೆ ತಿರುಗಿಸೋ ಹಾಗಿಲ್ಲ. ಆ ದುಡ್ಡು ಎಷ್ಟು ಬಂತು, ಯಾವ ಬೀದಿಗೆ ಹೋಯಿತು? ನಗರಸಭೆಯ ಅಂಗಡಿ ಬಾಡಿಗೆ ಎಷ್ಟು ವಸೂಲಾಯ್ತು, ಬಾಕಿ ಎಷ್ಟು? ಬಜೆಟ್ ಸಭೆಯಲ್ಲಿ ಇದನ್ನ ಕೇಳೋಕೆ ಯಾವ ಕೋರ್ಟೂ ಅಡ್ಡ ಬರಲ್ಲ.

ಕೊನೇದಾಗಿ ಒಂದು ಮಾತು ಮತದಾರರಿಗೆ. ಮಾರಿಕುಪ್ಪಂನಿಂದ, ಬಂಗಾರಪೇಟೆಯಿಂದ ಬೆಳಕು ಹರಿಯೋ ಮೊದಲೇ ರೈಲು ಹತ್ತಿ ಸಾವಿರಾರು ಜನ ಬೆಂಗಳೂರಿಗೆ ಹೋಗ್ತೀರಿ. ಗಾರ್ಮೆಂಟ್ಸು, ಹೋಟೆಲ್ಲು, ಆಸ್ಪತ್ರೆ, ಸೆಕ್ಯುರಿಟಿ, ಐಟಿ ಕಂಪನಿ, ಎಲ್ಲಾ ಕಡೆ ನಿಮ್ಮ ಬೆವರಿದೆ. ವಾಪಸ್ ಬರೋ ಹೊತ್ತಿಗೆ ಊರು ಮಲಗಿರುತ್ತೆ, ನಗರಸಭೆ ಬಾಗಿಲು ಹಾಕಿರುತ್ತೆ. ನಿಮ್ಮ ಊರಿನ ಆಡಳಿತ ನಡೆಯೋದೇ ನೀವು ಇಲ್ಲದ ಹೊತ್ತಲ್ಲಿ! ಹಾಗಾಗಿ ಅಭ್ಯರ್ಥಿ ಬಾಗಿಲಿಗೆ ಬಂದಾಗ ಒಂದು ಷರತ್ತು ಹಾಕಿ. ಮೂರು ತಿಂಗಳಿಗೊಮ್ಮೆ ಭಾನುವಾರ ಸಂಜೆ ವಾರ್ಡ್ ಸಭೆ ಮಾಡಬೇಕು. ತಮಿಳಿನವರು, ತೆಲುಗಿನವರು, ಕನ್ನಡದವರು, ಉರ್ದುವಿನವರು, ಎಲ್ಲರೂ ಬರಲಿ. ನೀರಿನ ವೇಳಾಪಟ್ಟಿ, ಖರ್ಚಿನ ಲೆಕ್ಕ ಅಲ್ಲಿ ಓದಿ ಹೇಳಬೇಕು. ಇದಕ್ಕೆ ಅನುದಾನ ಬೇಕಾಗಿಲ್ಲ, ಎರಡು ಬೆಂಚು, ಒಂದು ಮೈಕು ಸಾಕು.

ಒಂದು ವಾರ್ಡ್ ಅಂದರೆ ಕೆಲವೇ ಸಾವಿರ ಜನ. ಗೆಲುವು ಸೋಲು ಕೆಲವು ನೂರು ವೋಟಿನಲ್ಲಿ, ಕೆಲವೊಮ್ಮೆ ಹತ್ತಿಪ್ಪತ್ತು ವೋಟಿನಲ್ಲಿ ತೀರ್ಮಾನ ಆಗುತ್ತೆ. ಅಂದರೆ ನಿಮ್ಮೊಂದು ಬೀದಿ ಒಟ್ಟಾದರೆ ಸದಸ್ಯನನ್ನ ಗೆಲ್ಲಿಸಬಹುದು, ಮನೆಗೂ ಕಳಿಸಬಹುದು. ಸಂಸದರ ಮುಂದೆ, ಮಂತ್ರಿಗಳ ಮುಂದೆ ನಿಮಗೆ ಇಷ್ಟು ಬಲ ಇಲ್ಲ. ವಾರ್ಡ್ ಸದಸ್ಯನ ಮುಂದೆ ಇದೆ.

ಗಣಿಯಿಂದ ಬಂದ ಚಿನ್ನ ಯಾರ್ಯಾರ ಮೈಮೇಲಿದೆಯೋ ಗೊತ್ತಿಲ್ಲ. ಅದನ್ನ ಅಗೆದವರ ಮಕ್ಕಳ ಕೊಡದಲ್ಲಿ ನೀರಿರಬೇಕು. ವಾರ್ಡಿಗೆ ನಿಂತವರು ಅಷ್ಟು ಮಾಡಿದರೆ ಸಾಕು, ಚಿನ್ನದ ಮಾತನ್ನ ದೆಹಲಿಯವರು ನೋಡ್ಕೊಳ್ಳಲಿ.