ಸ್ಕಿಜೋಫ್ರೇನಿಯಾ: ಮಿದುಳಿನೊಳಗೆ ನೂರು ವರ್ಷದ ಹುಡುಕಾಟ

ಸ್ಕಿಜೋಫ್ರೇನಿಯಾ ಬಂದವರ ಮಿದುಳು ಕೆಟ್ಟೇ ಹೋಯಿತು ಎಂದು ಜನ ಮಾತಾಡಿಕೊಳ್ಳುವುದುಂಟು. ಒಂದು ಕಾಲಕ್ಕೆ ವಿಜ್ಞಾನದ ನಂಬಿಕೆಯೂ ಇದಕ್ಕಿಂತ ಬೇರೆಯಾಗಿರಲಿಲ್ಲ. 1890ರ ದಶಕದಲ್ಲಿ ಜರ್ಮನಿಯ ಎಮಿಲ್ ಕ್ರೇಪೆಲಿನ್ ಇದನ್ನು ಎಳೆವಯಸ್ಸಿನಲ್ಲೇ ಬರುವ ಬುದ್ಧಿಕ್ಷಯವೆಂದು ಬಗೆದರು. ಅವರ ಸಹೋದ್ಯೋಗಿ ಅಲೋಯಿಸ್ ಆಲ್ಝೈಮರ್ 1906ರಲ್ಲಿ ಮರೆವಿನ ರೋಗಿಯೊಬ್ಬರ ಮಿದುಳಿನಲ್ಲಿ ಗಂಟುಗಳನ್ನು ತೋರಿಸಿದ ಮೇಲೆ, ಅಂಥದೇ ಗುರುತನ್ನು ಇಲ್ಲಿಯೂ ಹುಡುಕಿದವರು ಬರಿಗೈಯಲ್ಲಿ ಮರಳಿದರು. ಮಿದುಳಿನಲ್ಲಿ ಏನೂ ಸಿಗದಿದ್ದಾಗ ಅಪವಾದ ಮನೆಯ ಮೇಲೆ ಬಿತ್ತು: 1948ರ ಹೊತ್ತಿಗೆ ಅಮೆರಿಕದಲ್ಲಿ ತಾಯಿಯ ಸಾಕಣೆಯನ್ನೇ ದೂಷಿಸತೊಡಗಿದರು.

ಈ ನೋಟವನ್ನು ಬದಲಿಸಿದ್ದು ಸಿಟಿ ಸ್ಕ್ಯಾನ್. 1976ರಲ್ಲಿ ಈವ್ ಜಾನ್‌ಸ್ಟೋನ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಪರೀಕ್ಷಿಸಿದ ರೋಗಿಗಳ ಮಿದುಳಿನ ದ್ರವಕುಹರಗಳು ಹಿಗ್ಗಿದ್ದವು. ಹಾಗಾದರೆ ನರಕೋಶಗಳು ಸತ್ತಿದ್ದವೇ? 1995ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಕಂಡದ್ದು ಬೇರೆಯೇ: ಮಿದುಳಿನ ಮುಂಭಾಗದ ತೊಗಟೆಯಲ್ಲಿ, ಅಂದರೆ ಹೊರಪದರದಲ್ಲಿ, ಕೋಶಗಳು ಇನ್ನೂ ಒತ್ತೊತ್ತಾಗಿದ್ದವು. ಸವೆದದ್ದು ಅವುಗಳ ನಡುವಿನ ಹೆಣಿಗೆ. ನರಕೋಶದ ಕವಲುಗಳ ಮೇಲೆ ಸಣ್ಣ ಮುಳ್ಳುಗಳಿರುತ್ತವೆ. ಇನ್ನೊಂದು ಕೋಶದ ಸಂದೇಶ ಬಂದು ಸೇರುವುದು ಬಹುತೇಕ ಅಲ್ಲಿಯೇ. ಆ ಮುಳ್ಳುಗಳು ತೊಗಟೆಯ ಮೂರನೇ ಪದರದಲ್ಲಿ ಕಡಿಮೆಯಾಗಿವೆ ಎಂದು 2000ದಲ್ಲಿ ಸಂಶೋಧಕರಾದ ಗ್ಲಾಂಟ್ಸ್ ಮತ್ತು ಲೂಯಿಸ್ ತೋರಿಸಿದರು. ಕಾಫಿ ಗಿಡದ ರೆಂಬೆ ಸವರಿದಂತೆ ಹದಿಹರೆಯದಲ್ಲಿ ಎಲ್ಲರ ಮಿದುಳೂ ಬೇಡದ ಕೊಂಡಿಗಳನ್ನು ಕಳಚುತ್ತದೆ. ಈ ರೋಗದಲ್ಲಿ ಅದು ಅತಿಯಾಗುತ್ತದೆಂದು ಸಂಶೋಧಕ ಫೈನ್‌ಬರ್ಗ್ 1982ರಲ್ಲೇ ಊಹಿಸಿದ್ದರು. ರೋಗ ಬಹುಮಟ್ಟಿಗೆ ಹರೆಯದಲ್ಲೇ ತಲೆದೋರುವುದಕ್ಕೂ ಇದು ಹೊಂದುತ್ತದೆ.

ಇದೆಲ್ಲ ಈ ರೋಗಕ್ಕೆ ಕೊಡುವ ಮಾತ್ರೆಗಳ ಪರಿಣಾಮವಿರಬಾರದೇಕೆ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ; ಈ ಔಷಧಿಗಳನ್ನು ದೀರ್ಘಕಾಲ ಕೊಟ್ಟ ಕೋತಿಗಳ ಮಿದುಳು ಸುಮಾರು ಹತ್ತನೇ ಒಂದು ಪಾಲು ಕುಗ್ಗಿದ್ದು 2005ರಲ್ಲಿ ವರದಿಯಾಗಿದೆ. ಆದರೆ ಕೊಂಡಿ ಕಳಚುವುದರಲ್ಲಿ ಪಾತ್ರವಿರುವ ಸಿ4 ಎಂಬ ವಂಶವಾಹಿಯ ಕೆಲವು ರೂಪಗಳು ರೋಗದ ಸಂಭವವನ್ನು ಹೆಚ್ಚಿಸುತ್ತವೆಂದು 2016ರಲ್ಲಿ ತಿಳಿಯಿತು. ವಂಶವಾಹಿಯನ್ನು ಯಾವ ಮಾತ್ರೆಯೂ ಬದಲಿಸಲಾರದು. ರೋಗಿಗಳ ಚರ್ಮಕೋಶಗಳಿಂದ ಪ್ರಯೋಗಾಲಯದಲ್ಲಿ ಬೆಳೆಸಿದ, ಔಷಧಿ ಸೋಕದ ನರಕೋಶಗಳಲ್ಲೂ ಸಂಪರ್ಕ ಕಡಿಮೆಯಿದ್ದುದು 2011ರಲ್ಲಿ ಕಂಡುಬಂತು. ಬೆಂಗಳೂರಿನಲ್ಲೂ ನಿಮ್ಹಾನ್ಸ್ ಆಸ್ಪತ್ರೆ ಮತ್ತು ಎನ್‌ಸಿಬಿಎಸ್ ಜೀವವಿಜ್ಞಾನ ಸಂಸ್ಥೆ ಜೊತೆಗೂಡಿ, ತೀವ್ರ ಮನೋರೋಗವಿರುವ ಕುಟುಂಬಗಳವರ ಕೋಶಗಳನ್ನು ಹೀಗೆ ಬೆಳೆಸಿ ಅಭ್ಯಸಿಸುತ್ತಿವೆ.

ಹಾಗಿದ್ದರೆ ಸ್ಕ್ಯಾನ್ ಮಾಡಿ ರೋಗ ಹೇಳಬಹುದಲ್ಲ? ಆಗದು. ಈ ವ್ಯತ್ಯಾಸಗಳೆಲ್ಲ ಗುಂಪಿನ ಸರಾಸರಿ. ಒಬ್ಬೊಬ್ಬರನ್ನೇ ನೋಡಿದರೆ ರೋಗಿ ಯಾರು, ಆರೋಗ್ಯವಂತರು ಯಾರು ಎಂದು ಬೇರ್ಪಡಿಸಲಾಗದು. ಆದರೂ ಈ ಚರಿತ್ರೆಯಿಂದ ಒಂದು ಮಾತು ಖಚಿತ: ರೋಗಕ್ಕೆ ತಾಯಿಯನ್ನು ದೂರಲು ಆಧಾರವಿಲ್ಲ, ರೋಗಿಯ ಮಿದುಳು ಸತ್ತಿತೆಂದು ಕೈಬಿಡಲೂ ಆಧಾರವಿಲ್ಲ. ನರಕೋಶಗಳ ಕೊಂಡಿಗಳು ಜೀವನವಿಡೀ ಹುಟ್ಟುತ್ತ, ಕಳಚುತ್ತ ಇರುತ್ತವೆ. ಬೇಗ ಚಿಕಿತ್ಸೆ ಶುರುಮಾಡುವುದಕ್ಕೆ ಅರ್ಥವಿದೆ.